ಬೆವರುಸಾಲೆಯ ಚರಿತ್ರೆ

ಚೈತ್ರವು ಕಳೆದು ವೈಶಾಖವು ಕಾಲಿಡುತ್ತಲೇ ಮಕ್ಕಳ ಕತ್ತು, ಕಂಕುಳು, ಬೆನ್ನುಗಳ ಮೇಲೆ ಮರಳನ್ನು ಎರಚಿದಂತೆ ಏಳುವ ಸಣ್ಣ ಕೆಂಪು ಗುಳ್ಳೆಗಳನ್ನು ನಾವು ಬೆವರುಸಾಲೆಯೆಂದು ಕರೆಯುವೆವು. ಕೆಲವು ಸೀಮೆಗಳಲ್ಲಿ ಬೆವರುಗುಳ್ಳೆಯೆಂದೂ ಹೇಳುವರು. ತಮಿಳರಿಗೆ ಇದು ವೇರ್ಕ್ಕುರು, ತೆಲುಗರಿಗೆ ಚೆಮಟಕಾಯಲು, ಮರಾಠಿಗರಿಗೆ ಘಾಮೋಳೆ. ಈ ನಾಲ್ಕು ನುಡಿಗಳಲ್ಲಿಯೂ ಹೆಸರಿನೊಳಗೆ ಬೆವರೇ ಕುಳಿತಿರುವುದನ್ನು ವಾಚಕರು ಗಮನಿಸಬೇಕು. ಹೆಸರಿಟ್ಟ ಹಳ್ಳಿಗರು ಯಾವ ವೈದ್ಯಶಾಸ್ತ್ರವನ್ನೂ ಓದಿದವರಲ್ಲ. ಆದರೂ ವ್ಯಾಧಿಯ ಕಾರಣವನ್ನು ಹೆಸರಿನಲ್ಲಿಯೇ ಕಟ್ಟಿಟ್ಟರು. ಪಾಶ್ಚಾತ್ಯ ವೈದ್ಯಶಾಸ್ತ್ರವಾದರೋ ಇದೇ ಮಾತನ್ನು ಒಪ್ಪಿಕೊಳ್ಳುವುದಕ್ಕೆ ಇನ್ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹೆಣಗಾಡಿತು. ಆ ನಡುವೆ ಇದನ್ನು ಜ್ವರವೆಂದರು, ಹಾವಸೆಯ ಜಾತಿಯ ಚರ್ಮವ್ಯಾಧಿಯೆಂದರು, ರಕ್ತದೋಷವೆಂದರು, ಕಡೆಗೆ ಆರೋಗ್ಯದ ಲಕ್ಷಣವೆಂದೂ ಹೇಳಿದರು. ಅರಸರ ಚರಿತ್ರೆಯಲ್ಲಿ ಇಂತಹ ಸಣ್ಣ ಬಾಧೆಗೆ ಎಡೆಯಿಲ್ಲದಿರುವುದು ಸಹಜವೇ. ಆದರೆ ಮನುಷ್ಯನು ತನ್ನ ತೊಗಲಿನ ಮೇಲೆ ತಾನೇ ಕಾಣುತ್ತಿದ್ದುದನ್ನು ಎಷ್ಟು ಕಾಲ ತಪ್ಪಾಗಿ ಅರ್ಥಮಾಡಿಕೊಂಡನೆಂಬುದೂ, ಆ ತಪ್ಪರ್ಥದಿಂದ ಯಾರು ಯಾರು ನೊಂದರೆಂಬುದೂ ಚರಿತ್ರೆಯೇ ಅಲ್ಲವೆ?

ನಮ್ಮ ದೇಶದ ಗ್ರಂಥಗಳಲ್ಲಿ ಇದರ ನೆಲೆ ಸ್ಪಷ್ಟವಾಗಿದೆ. ವಾಗ್ಭಟನು ತನ್ನ ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಮೂವತ್ತಾರು ಕ್ಷುದ್ರರೋಗಗಳನ್ನು ಎಣಿಸುವಾಗ ‘ರಾಜಿಕಾ’ ಎಂಬುದೊಂದನ್ನು ಹೇಳುವನು. ಬಿಸಿಲಿನ ಬೇಗೆಯಿಂದ ಬೆವರು ಆವರಿಸಿದ ಅಂಗಗಳಲ್ಲಿ ಒತ್ತಾಗಿಯೂ ನೋವುಳ್ಳವಾಗಿಯೂ ಏಳುವ ಪಿಟಿಕೆಗಳು ಬಣ್ಣದಲ್ಲಿ, ಆಕಾರದಲ್ಲಿ, ಅಳತೆಯಲ್ಲಿ ಸಾಸಿವೆಯನ್ನು ಹೋಲುವುದರಿಂದ ಆ ಹೆಸರೆಂಬುದು ಅವನ ಅಭಿಪ್ರಾಯ. ಲಕ್ಷಣವೂ ಕಾರಣವೂ ಒಂದೇ ಶ್ಲೋಕದಲ್ಲಿ ಅಡಗಿವೆ. ‘ಕ್ಷುದ್ರ’ ಎಂಬ ಮಾತಿನಿಂದ ಅವನು ಇದನ್ನು ತೃಣೀಕರಿಸಿದನೆಂದು ತಿಳಿಯಬಾರದು. ದೊಡ್ಡ ವ್ಯಾಧಿಗಳ ಗುಂಪಿಗೆ ಸೇರದವುಗಳನ್ನು ಒಂದೆಡೆ ಇಡಬೇಕಾದ ಗ್ರಂಥಕರ್ತನ ಅನುಕೂಲವದು. ಗ್ರೀಕರಲ್ಲಿಯೂ ಹಿಪಾಕ್ರಟೀಸನ ಹೆಸರಿನಲ್ಲಿ ನಡೆದುಬಂದ ಸೂತ್ರಗಳು ಬೇಸಗೆಯ ಬಾಧೆಗಳನ್ನು ಹೇಳುವ ಕಡೆ ಬೆವರಿನ ಹೆಸರನ್ನೇ ಹೊತ್ತ ಒಂದು ಗುಳ್ಳೆಯನ್ನು ಸೇರಿಸುವುವು. ಅಲ್ಲಿಗೆ ಪ್ರಾಚೀನರಿಬ್ಬರೂ ಬೆವರನ್ನೂ ಬೇಸಗೆಯನ್ನೂ ಬಿಟ್ಟು ಬೇರೆ ಕಡೆಗೆ ನೋಡಲಿಲ್ಲವೆಂದಾಯಿತು.

ಲ್ಯಾಟಿನ್ ವೈದ್ಯರು ಇದಕ್ಕಿಟ್ಟ ಹೆಸರು ‘ಮಿಲಿಯೇರಿಯ’. ಇದರ ಮೂಲಪದವಾದ ‘ಮಿಲಿಯಂ’ ಎಂಬುದು ನಮ್ಮ ಬರಗಿನ ಕಾಳು. ಬಯಲುಸೀಮೆಯ ವಾಚಕರಿಗೆ ಬರಗನ್ನು ಪರಿಚಯಮಾಡಿಕೊಡಬೇಕಾದುದಿಲ್ಲ. ಬರಗಾಲದಲ್ಲಿ ಕೈಹಿಡಿಯುವ ಆ ಧಾನ್ಯದ ನುಣುಪಾದ ಮಿರುಗುವ ಕಾಳನ್ನು ನೆನೆದರೆ ತಿಳಿನೀರು ತುಂಬಿದ ಬೆವರುಗುಳ್ಳೆಯು ಕಣ್ಣಮುಂದೆ ಬರುವುದು. ಹಿಂದೂದೇಶದವನು ಒಗ್ಗರಣೆಯ ಡಬ್ಬಿಯಿಂದ ಉಪಮಾನವನ್ನು ತೆಗೆದನು, ರೋಮನ್ನರ ಭಾಷೆಯವನು ಕಣಜದಿಂದ ತೆಗೆದನು. ಎರಡು ಹೆಸರುಗಳೂ ಸುಳ್ಳಲ್ಲ. ಸಾಸಿವೆಯಂತಿರುವುದೂ ಬರಗಿನಂತಿರುವುದೂ ಒಂದೇ ವ್ಯಾಧಿಯ ಎರಡು ಆಳಗಳೆಂಬುದು ಬಹುಕಾಲದ ಮೇಲೆ ತಿಳಿಯಿತು. ಅದನ್ನು ಮುಂದೆ ಹೇಳುವೆನು.

ಯೂರೋಪಿನಲ್ಲಿ ಕಥೆಯು ದಾರಿತಪ್ಪಿದ್ದು ಹದಿನೇಳನೆಯ ಶತಮಾನದಲ್ಲಿ. 1614ರಲ್ಲಿ ಇಟಲಿಯ ಸಂಟೋರಿಯೊ ಎಂಬ ವೈದ್ಯನು ಒಂದು ವಿಚಿತ್ರವಾದ ಪುಸ್ತಕವನ್ನು ಪ್ರಕಟಿಸಿದನು. ಈತನು ದೊಡ್ಡ ತಕ್ಕಡಿಗೆ ಕುರ್ಚಿಯನ್ನು ತೂಗಹಾಕಿ, ಅದರಲ್ಲಿಯೇ ಕುಳಿತು, ತಾನು ತಿಂದುದನ್ನೂ ಕುಡಿದುದನ್ನೂ ವಿಸರ್ಜಿಸಿದುದನ್ನೂ ಅನೇಕ ವರ್ಷ ತೂಗಿ ನೋಡಿದನು. ದಿನಕ್ಕೆ ಎಂಟು ಪೌಂಡು ಅನ್ನಪಾನಗಳನ್ನು ಸೇವಿಸಿದವನ ದೇಹದಿಂದ ಐದು ಪೌಂಡಿನಷ್ಟು ಕಣ್ಣಿಗೆ ಕಾಣದ ಬೆವರಾಗಿಯೇ ಹೊರಟುಹೋಗುವುದೆಂದು ಅವನ ಲೆಕ್ಕ. ತೂಕ ಹಾಕಿ ವೈದ್ಯವನ್ನು ನಡೆಸಬೇಕೆಂಬ ಬುದ್ಧಿಗೆ ಇದು ಮೊದಲ ದೊಡ್ಡ ಉದಾಹರಣೆಯೆಂದು ಅವನನ್ನು ಹೊಗಳುವುದು ನ್ಯಾಯವೇ. ಆದರೆ ಆ ಲೆಕ್ಕದಿಂದ ಹುಟ್ಟಿದ ನಂಬಿಕೆಯು ಒಳ್ಳೆಯದಾಗಲಿಲ್ಲ. ಬೆವರು ಹೊರಬಿದ್ದಷ್ಟೂ ಆರೋಗ್ಯ, ಅದು ತಡೆಯಲ್ಪಟ್ಟರೆ ವಿಷವು ಒಳಗೆ ಉಳಿದು ಸಕಲ ವ್ಯಾಧಿಗಳಿಗೂ ಮೂಲ ಎಂದು ವೈದ್ಯರು ಸಾಧಿಸತೊಡಗಿದರು. ಜ್ವರ ಬಂದವನನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿಸಿ, ಬೆಂಕಿ ಹಾಕಿ, ಗರಿತುಂಬಿದ ಹೊದಿಕೆಗಳನ್ನು ಹೊದಿಸಿ, ಬಿಸಿ ಕಷಾಯಗಳನ್ನು ಕುಡಿಸಿ ಬೆವರಿಸುವುದೇ ಚಿಕಿತ್ಸೆಯಾಯಿತು. ಅಂಥವನ ಮೈಮೇಲೆ ಬರಗಿನಂತಹ ಗುಳ್ಳೆಗಳು ಏಳದೆ ಇನ್ನೇನಾದೀತು? ಅವು ಎದ್ದಾಗ ಮಾತ್ರ ವೈದ್ಯರು ತಮ್ಮ ಚಿಕಿತ್ಸೆಯನ್ನು ಶಂಕಿಸಲಿಲ್ಲ. ಒಳಗಿನ ವಿಷವು ಹೊರಬಿತ್ತು ಎಂದು ಸಂತೋಷಪಟ್ಟರು. ಇನ್ನೊಂದು ಹೊದಿಕೆಯನ್ನು ಹೊದಿಸಿದರು.

ಹೀಗೆ ಹುಟ್ಟಿದ್ದು ‘ಮಿಲಿಯರಿ ಜ್ವರ’, ಎಂದರೆ ಬರಗುಜ್ವರ. 1655ರಲ್ಲಿ ಜರ್ಮನಿಯ ಲೈಪ್ಸಿಗ್ ನಗರದ ಗಾಟ್‌ಫ್ರೀಡ್ ವೆಲ್ಷ್ ಎಂಬವನು ಇದನ್ನು ಬಾಣಂತಿಯರಲ್ಲಿ ಕಾಣಿಸಿಕೊಂಡ ಹೊಸ ವ್ಯಾಧಿಯೆಂದು ವರ್ಣಿಸಿದನು. ಬಾಣಂತಿಯರಲ್ಲಿಯೇ ಮೊದಲು ಏಕೆ ಕಾಣಿಸಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಆ ದೇಶಗಳಲ್ಲಿ ಹೆರಿಗೆಯ ಕೋಣೆಯಷ್ಟು ಬಿಗಿಯಾಗಿ ಮುಚ್ಚಿ, ಅಷ್ಟು ಎಡೆಬಿಡದೆ ಕಾಯಿಸುತ್ತಿದ್ದ ಕೋಣೆ ಬೇರೊಂದಿರಲಿಲ್ಲ. ಬಾಣಂತಿಯರಿಗೆ ನಿಜವಾಗಿಯೂ ಪ್ರಾಣಾಂತಿಕವಾದ ಜ್ವರವು ಬರುತ್ತಿದ್ದುದುಂಟು. ಅದರ ಕಾರಣವು ಬೇರೆ. ಆ ಜ್ವರದ ಮೇಲೆ ಕೋಣೆಯ ಸೆಕೆಯಿಂದ ಎದ್ದ ಗುಳ್ಳೆಗಳನ್ನು ಕಂಡು, ಗುಳ್ಳೆಯೇ ರೋಗವೆಂದು ಹೆಸರಿಟ್ಟರು. 1718ರಿಂದ ಫ್ರಾನ್ಸಿನ ಪಿಕಾರ್ಡಿ ಸೀಮೆಯಲ್ಲಿ ವಿಪರೀತ ಬೆವರೂ ಗುಳ್ಳೆಗಳೂ ಕೂಡಿದ ಒಂದು ಜ್ವರವು ಮರಳಿ ಮರಳಿ ಹಬ್ಬಿತು. ಅದು ಸಾಂಕ್ರಾಮಿಕವಾಗಿದ್ದ ಬೇರೊಂದು ವ್ಯಾಧಿಯಾಗಿದ್ದಿರಬೇಕು. ಆದರೆ ಅದರ ಭಯವೂ ಈ ಹೆಸರಿಗೆ ಸೇರಿಕೊಂಡು ಬರಗುಜ್ವರವು ಯೂರೋಪಿನಲ್ಲೆಲ್ಲ ಮನೆಮಾತಾಯಿತು. ಸಂಗೀತಗಾರನಾದ ಮೋಟ್ಸಾರ್ಟನು 1791ನೆಯ ಡಿಸೆಂಬರ್ 5ರಂದು ವಿಯೆನ್ನಾದಲ್ಲಿ ತೀರಿಕೊಂಡಾಗ ಮರಣದ ದಫ್ತರದಲ್ಲಿ ಬರೆದ ಕಾರಣವು ‘ಉಗ್ರವಾದ ಬರಗುಜ್ವರ’ವೆಂದೇ. ಮೂವತ್ತೈದು ವರ್ಷದ ಆ ಮಹಾಪ್ರತಿಭಾಶಾಲಿಯು ಯಾವುದರಿಂದ ಸತ್ತನೆಂದು ಪಂಡಿತರು ಇಂದಿಗೂ ವಾದಿಸುತ್ತಿರುವರು. ಬೆವರುಸಾಲೆಯಿಂದಂತೂ ಅಲ್ಲ.

ಈ ಪದ್ಧತಿಯನ್ನು ವಿರೋಧಿಸಿದವರು ಇಲ್ಲದಿಲ್ಲ. ಇಂಗ್ಲೆಂಡಿನ ಸಿಡನ್‌ಹ್ಯಾಮನು ಹದಿನೇಳನೆಯ ಶತಮಾನದಲ್ಲಿಯೇ ಸಿಡುಬಿನ ರೋಗಿಗಳನ್ನು ಬೇಯಿಸುವುದನ್ನು ಬಿಟ್ಟು ತಂಪಾಗಿ ಇಡಬೇಕೆಂದು ಹೇಳಿ ಅನೇಕರ ವೈರವನ್ನು ಕಟ್ಟಿಕೊಂಡನು. ಹದಿನೆಂಟನೆಯ ಶತಮಾನದ ನಡುವೆ ವಿಯೆನ್ನಾದ ಆಂಟನ್ ದ ಹಾಯೆನ್ ಎಂಬ ವೈದ್ಯನು ಇನ್ನೂ ಮುಂದೆ ಹೋಗಿ, ಈ ಗುಳ್ಳೆಗಳು ಬಹುಮಟ್ಟಿಗೆ ವೈದ್ಯರೇ ಬಿಸಿಮಾಡಿ ಎಬ್ಬಿಸಿದವು, ರೋಗವು ಎಬ್ಬಿಸಿದವಲ್ಲ ಎಂದು ವಾದಿಸಿದನು. ವಾದವು ದೊಡ್ಡ ಜಗಳವಾಗಿ ಬೆಳೆಯಿತು. ತಾನು ಕೊಟ್ಟ ಚಿಕಿತ್ಸೆಯೇ ತಾನು ಕಂಡ ರೋಗವೆಂಬುದನ್ನು ಒಪ್ಪಲು ಯಾವ ಕಾಲದ ವೈದ್ಯನಿಗೂ ಮನಸ್ಸು ಬರುವುದಿಲ್ಲವಷ್ಟೆ.

ಇದನ್ನು ಓದಿ ನಮ್ಮವರು ಯೂರೋಪಿನವರನ್ನು ನೋಡಿ ನಗಬೇಕಾದುದಿಲ್ಲ. ನಮ್ಮ ಬಾಣಂತಿಯ ಕೋಣೆಯನ್ನು ಒಮ್ಮೆ ನೆನೆದುಕೊಳ್ಳಬಹುದು. ಗಾಳಿ ಸೋಕಬಾರದೆಂದು ಮುಚ್ಚಿದ ಕಿಟಕಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಸಾಂಬ್ರಾಣಿಯ ಹೊಗೆ, ಹಂಡೆಗಟ್ಟಲೆ ಬಿಸಿನೀರು, ಕೂಸಿಗೆ ಕುಲಾವಿ, ಅದರ ಮೇಲೆ ಉಣ್ಣೆಯ ಹೊದಿಕೆ. ಆಷಾಢದ ಮಳೆ ಹೊಡೆಯುವ ಮಲೆನಾಡಿನ ಮನೆಯಲ್ಲಿ ಇದಕ್ಕೆ ಅರ್ಥವಿದೆ. ಅಜ್ಜಿಯರು ಕಂಡುಕೊಂಡುದು ಆ ಅರ್ಥವನ್ನೇ. ಅದೇ ಪದ್ಧತಿಯನ್ನು ವೈಶಾಖದ ರಾಯಚೂರಿನಲ್ಲಿಯೂ ಕಾರವಾರದಲ್ಲಿಯೂ ಅಕ್ಷರಶಃ ನಡೆಸಿದರೆ ಕೂಸಿನ ಗತಿಯೇನು? ಹುಟ್ಟುವಾಗಲೇ ಶಿಶುವಿನ ತೊಗಲಿನಲ್ಲಿ ಸ್ವೇದಗ್ರಂಥಿಗಳು ದೊಡ್ಡವರಲ್ಲಿರುವಷ್ಟೇ ಇರುವುವು. ಮೈ ಚಿಕ್ಕದಾದುದರಿಂದ ಅವು ಒತ್ತೊತ್ತಾಗಿರುವುವು. ಅವುಗಳ ನಾಳಗಳಾದರೋ ಇನ್ನೂ ಬಲಿಯದವು, ಬೇಗನೆ ಮುಚ್ಚಿಕೊಳ್ಳುವುವು. ಆದುದರಿಂದಲೇ ಮೊದಲ ವಾರಗಳ ಕೂಸುಗಳಲ್ಲಿ ಈ ಗುಳ್ಳೆಗಳು ಅಷ್ಟು ಸಾಮಾನ್ಯ. ಮಾತನಾಡಲಾರದ ಕೂಸು ಅಳುವುದು. ಚಳಿಯಾಯಿತೇನೋ ಎಂದು ಇನ್ನೊಂದು ಬಟ್ಟೆಯನ್ನು ಸುತ್ತುವರು. ಲೈಪ್ಸಿಗ್‌ನಲ್ಲಿ ನಡೆದುದೂ ಇದೇ.

ಇನ್ನು ಕಥೆಯು ಹಡಗು ಹತ್ತಿ ನಮ್ಮ ದೇಶಕ್ಕೆ ಬರುವುದು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷರು ವ್ಯಾಪಾರಕ್ಕೂ ಯುದ್ಧಕ್ಕೂ ಉಷ್ಣದೇಶಗಳಿಗೆ ಸಾವಿರಗಟ್ಟಲೆಯಾಗಿ ಹೊರಟಾಗ, ಅಲ್ಲಿಯ ಹವೆಯು ಬಿಳಿಯರನ್ನು ಏನು ಮಾಡುವುದೆಂಬ ಪ್ರಶ್ನೆಗೆ ರಾಜ್ಯಕಾರಣದ ಮಹತ್ವ ಬಂದಿತು. ಹಡಗಿನ ವೈದ್ಯರಲ್ಲಿ ಪ್ರಸಿದ್ಧನಾದ ಜೇಮ್ಸ್ ಲಿಂಡನು 1768ರಲ್ಲಿ ಉಷ್ಣದೇಶಗಳಲ್ಲಿ ಐರೋಪ್ಯರಿಗೆ ಬರುವ ವ್ಯಾಧಿಗಳನ್ನು ಕುರಿತು ಪುಸ್ತಕವನ್ನು ಬರೆದನು. ಚರ್ಮರೋಗಗಳನ್ನು ಮೊದಲ ಬಾರಿಗೆ ಕ್ರಮವಾಗಿ ವಿಂಗಡಿಸಿದ ರಾಬರ್ಟ್ ವಿಲ್ಲನನು 1798ರಲ್ಲಿ ಆರಂಭಿಸಿದ ಗ್ರಂಥದಲ್ಲಿ ಬೆವರುಸಾಲೆಗೆ ‘ಲೈಕೆನ್ ಟ್ರಾಪಿಕಸ್’ ಎಂಬ ಗಂಭೀರವಾದ ಹೆಸರನ್ನು ಕೊಟ್ಟನು. ಲೈಕೆನ್ ಎಂದರೆ ಬಂಡೆಯ ಮೇಲೆ ಹಬ್ಬುವ ಕಲ್ಲುಹೂವಿನಂತಹ ಹಾವಸೆ. ಜನರ ಬಾಯಲ್ಲಿ ‘ಪ್ರಿಕ್ಲಿ ಹೀಟ್’, ಎಂದರೆ ಚುಚ್ಚುವ ಸೆಕೆ, ಎಂದು ನಿಂತಿತು. ಎರಡು ಹೆಸರುಗಳಲ್ಲಿಯೂ ಬೆವರು ಇಲ್ಲ. ನಮ್ಮ ನಾಲ್ಕು ನುಡಿಗಳೊಡನೆ ಹೋಲಿಸಿದರೆ ಈ ಕೊರತೆಯು ಎದ್ದು ಕಾಣುವುದು.

ಆ ಕಾಲದ ಬರಹಗಳಲ್ಲೆಲ್ಲ ಓದತಕ್ಕದ್ದು ಜೇಮ್ಸ್ ಜಾನ್ಸನ್ನನದು. ಐರ್ಲೆಂಡಿನಲ್ಲಿ ಹುಟ್ಟಿ, ನೌಕಾಸೇನೆಯ ಶಸ್ತ್ರವೈದ್ಯನಾಗಿ ಭಾರತದ ಸಮುದ್ರಗಳಲ್ಲಿ ಸುತ್ತಿ, ಮುಂದೆ ನಾಲ್ಕನೆಯ ವಿಲಿಯಂ ದೊರೆಯ ವೈದ್ಯನಾದ ಈತನು 1813ರಲ್ಲಿ ಉಷ್ಣವಲಯದ ಹವೆಯು ಐರೋಪ್ಯರ ಶರೀರಗಳ ಮೇಲೆ ಮಾಡುವ ಪರಿಣಾಮಗಳನ್ನು ಕುರಿತು ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದನು. ಬೆವರುಸಾಲೆಯನ್ನು ರೋಗವೆನ್ನುವುದೇ ಕಷ್ಟ, ಹೊಸದಾಗಿ ಬಂದವರಲ್ಲಿ ಇದರಿಂದ ತಪ್ಪಿಸಿಕೊಂಡವರು ಅಪೂರ್ವ ಎಂದು ಆರಂಭಿಸಿ, ಬಿಸಿಯಾದುದನ್ನು ಕುಡಿದೊಡನೆ ಸಾವಿರ ಸೂಜಿಗಳು ಒಮ್ಮೆಲೇ ಚುಚ್ಚಿದಂತಾಗುವ ಸಂಕಟವನ್ನು ತಾನು ಪಟ್ಟವನಾಗಿಯೇ ಹೇಳುವನು. ಆ ಕಾಲದ ಐರೋಪ್ಯರಲ್ಲಿ ಬಲವಾಗಿದ್ದ ನಂಬಿಕೆಯೇನೆಂದರೆ, ಬೆವರುಸಾಲೆಯು ದೇಹದ ಕ್ಷೇಮಕ್ಕಾಗಿಯೇ ಬರುವುದು, ಇದು ಚೆನ್ನಾಗಿ ಎದ್ದವನಿಗೆ ಜ್ವರದ ಭಯವಿಲ್ಲ, ತಣ್ಣೀರು ಸುರಿದು ಇದನ್ನು ಒಳಕ್ಕೆ ಅಡಗಿಸಿದರೆ ಪ್ರಾಣಕ್ಕೇ ಅಪಾಯ ಎಂಬುದು. ಸಂಟೋರಿಯೊನ ತಕ್ಕಡಿಯ ನೆರಳು ಇಲ್ಲಿಯವರೆಗೂ ಬಿದ್ದಿತ್ತು. ಜಾನ್ಸನ್ನನು ಇದನ್ನು ಪೂರ್ತಿಯಾಗಿ ನಂಬಲಿಲ್ಲ. ತಣ್ಣೀರಿನ ಸ್ನಾನದಿಂದ ಇದು ಅಡಗಿದುದನ್ನು ತಾನು ಕಂಡೇ ಇಲ್ಲವೆಂದನು. ಬೇರೆ ವ್ಯಾಧಿಯು ಬಂದಾಗ ಗುಳ್ಳೆಗಳು ಮಾಯವಾಗುವುದುಂಟು, ಆದರೆ ಗುಳ್ಳೆಗಳು ಮಾಯವಾದುದರಿಂದ ವ್ಯಾಧಿಯು ಬಂದಿತೆನ್ನಲು ಕಾರಣವಿಲ್ಲವೆಂದನು. ಕಾರ್ಯಕಾರಣಗಳನ್ನು ಇಷ್ಟು ಬಿಡಿಸಿ ನೋಡಿದ ಮಾತು ಆ ಕಾಲಕ್ಕೆ ಸಣ್ಣದಲ್ಲ. ನಿಂಬೆಯ ರಸ, ಕೂದಲಿಗೆ ಹಾಕುವ ಪುಡಿ ಮುಂತಾದುವನ್ನೆಲ್ಲ ಮೈಗೆ ಹಚ್ಚಿ ನೋಡಿದೆನೆಂದೂ ಪ್ರಯೋಜನವು ಕಾಣಲಿಲ್ಲವೆಂದೂ ಮುಚ್ಚುಮರೆಯಿಲ್ಲದೆ ಬರೆದನು.

ಆದರೂ ಜಯವು ಜಾನ್ಸನ್ನನದಾಗಲಿಲ್ಲ, ಫ್ಲಾನೆಲ್ ಬಟ್ಟೆಯದಾಯಿತು. ಬೆವರಿದ ಮೈಗೆ ಗಾಳಿ ತಗುಲಿ ಹೊಟ್ಟೆಯು ತಣ್ಣಗಾದರೆ ಕಾಲರಾ ಬರುವುದೆಂಬ ನಂಬಿಕೆಯಿಂದ, ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಭಾರತದಲ್ಲಿದ್ದ ಗೋರಾ ಸಿಪಾಯಿಗಳು ಸೊಂಟಕ್ಕೆ ಉಣ್ಣೆಯ ಪಟ್ಟಿಯೊಂದನ್ನು ಬಿಗಿದುಕೊಳ್ಳಬೇಕಾಯಿತು. ಇದರ ಹೆಸರೇ ಕಾಲರಾ ಪಟ್ಟಿ. 1884ರಲ್ಲಿ ರಾಬರ್ಟ್ ಕಾಕ್ ಮಹಾಶಯನು ಕಲ್ಕತ್ತೆಯ ಕೆರೆಯ ನೀರಿನಲ್ಲಿಯೂ ಕಾಲರಾದ ಕ್ರಿಮಿಯನ್ನು ತೋರಿಸಿಕೊಟ್ಟನು. ರೋಗವು ನೀರಿನಲ್ಲಿ ಬರುವುದೆಂದಾದ ಮೇಲೆ ಸೊಂಟದ ಪಟ್ಟಿಗೆ ಏನು ಕೆಲಸ? ಆದರೂ ಪಟ್ಟಿಯು ಇಪ್ಪತ್ತನೆಯ ಶತಮಾನದವರೆಗೆ ಉಳಿಯಿತು. ಇದರ ಕೆಳಗೆ ತೊಗಲು ದಿನವಿಡೀ ತೊಯ್ದು, ಉಣ್ಣೆಯು ಉಜ್ಜಿ, ಬೆವರುಸಾಲೆಯು ವರ್ಷಕ್ಕೆ ಆರು ತಿಂಗಳು ಮನೆಮಾಡಿದ್ದರೆ ಆಶ್ಚರ್ಯವೇನು? ಅವರ ಪಕ್ಕದಲ್ಲಿಯೇ ಪಂಖವನ್ನು ಎಳೆಯುತ್ತಿದ್ದ ಆಳು ಸೊಂಟಕ್ಕೊಂದು ಹತ್ತಿಯ ಪಂಚೆಯನ್ನು ಸುತ್ತಿ, ಮೇಲ್ಮೈಗೆ ಗಾಳಿಯನ್ನು ಬಿಟ್ಟುಕೊಂಡು ಕುಳಿತಿದ್ದನು. ಕಣ್ಣೆದುರಿಗಿದ್ದ ಈ ಉತ್ತರವನ್ನು ನೋಡುವುದಕ್ಕೆ ಆಳುವವರ ಘನತೆಯು ಅಡ್ಡಬಂದಿತೆಂದೇ ನನ್ನ ಅಭಿಪ್ರಾಯ.

ಬಟ್ಟೆಯ ಮೇಲಿನ ವ್ಯಾಮೋಹವು ಎಲ್ಲಿಯವರೆಗೆ ಹೋಯಿತೆಂಬುದಕ್ಕೆ ಇನ್ನೊಂದು ಮಾತು. ಉಷ್ಣದೇಶದಲ್ಲಿ ಕೆಡುಕು ಮಾಡುವುದು ಸೆಕೆಯಲ್ಲ, ಸೂರ್ಯನ ಕಿರಣಗಳಲ್ಲಿ ಕಣ್ಣಿಗೆ ಕಾಣದ ಭಾಗವೆಂದು ಸಿದ್ಧಾಂತವು ಹುಟ್ಟಿದಾಗ, ಫಿಲಿಪೀನ್ಸ್ ದ್ವೀಪಗಳಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಐನೂರು ಮಂದಿಗೆ ಕಿತ್ತಳೆಗೆಂಪು ಬಣ್ಣದ ಒಳಉಡುಪುಗಳನ್ನು ತೊಡಿಸಿ ನೋಡಿದರು. 1910ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಅವರಿಗೆ ಯಾವ ರಕ್ಷಣೆಯೂ ದೊರೆಯಲಿಲ್ಲ, ಸೆಕೆ ಮಾತ್ರ ಹೆಚ್ಚಾಯಿತು.

ಸೆಕೆಯಲ್ಲಿ ಎರಡು ಬಗೆಯುಂಟು. ಇದನ್ನು ತಿಳಿಯದೆ ಮುಂದಿನ ಸಂಗತಿಯು ತಿಳಿಯದು. 1774ರಲ್ಲಿ ಚಾರ್ಲ್ಸ್ ಬ್ಲಾಗ್ಡನ್ ಮೊದಲಾದವರು ಲಂಡನ್ನಿನಲ್ಲಿ ಒಂದು ಕೋಣೆಯನ್ನು ನೀರು ಕುದಿಯುವ ಬಿಸಿಗಿಂತ ಹೆಚ್ಚಾಗಿ, 260 ಫ್ಯಾರನ್‌ಹೀಟ್ ಡಿಗ್ರಿಯವರೆಗೆ, ಕಾಯಿಸಿ ಒಳಗೆ ಹೋಗಿ ನಿಂತರು. ಅದೇ ಕೋಣೆಯಲ್ಲಿಟ್ಟ ಮೊಟ್ಟೆಗಳು ಗಟ್ಟಿಯಾದುವು, ಮಾಂಸದ ತುಂಡು ಬೆಂದಿತು. ಮನುಷ್ಯರು ಮಾತ್ರ ಸುಖವಾಗಿ ಹೊರಗೆ ಬಂದರು. ಗಾಳಿಯು ಒಣಗಿದ್ದುದರಿಂದ ಬೆವರು ಕೂಡಲೇ ಆರಿ ಮೈಯನ್ನು ತಂಪಾಗಿಟ್ಟಿತು. ಒಂದು ಲೀಟರು ಬೆವರು ಪೂರ್ತಿಯಾಗಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿಯಷ್ಟು ತಾಪವನ್ನು ಮೈಯಿಂದ ಕೊಂಡೊಯ್ಯುವುದು. ಆರದೆ ಹನಿಯಾಗಿ ತೊಟ್ಟಿಕ್ಕಿದರೆ ಏನನ್ನೂ ಕೊಂಡೊಯ್ಯದು. ನಮ್ಮ ನಾಡಿನಲ್ಲಿಯೇ ಇದರ ನಿದರ್ಶನವಿದೆ. ಬಳ್ಳಾರಿಯ ಬಿಸಿಲು ಮಂಗಳೂರಿನ ಬಿಸಿಲಿಗಿಂತ ಎಷ್ಟೋ ಉಗ್ರ. ಆದರೆ ಬೆವರುಸಾಲೆಗೆ ಮಂಗಳೂರೇ ತವರು. ಬಳ್ಳಾರಿಯಲ್ಲಿ ಬೆವರು ಹುಟ್ಟಿದಲ್ಲಿಯೇ ಆರುವುದು, ಕರಾವಳಿಯಲ್ಲಿ ಗಾಳಿಯೇ ತೊಯ್ದಿರುವುದರಿಂದ ಅಂಗಿಯು ಬೆನ್ನಿಗೆ ಅಂಟಿಕೊಂಡೇ ಇರುವುದು. 1809ರಲ್ಲಿ ಶ್ರೀರಂಗಪಟ್ಟಣದ ಇಂಗ್ಲಿಷ್ ಪಾಳೆಯವನ್ನು ಬೆಂಗಳೂರಿಗೆ ಸಾಗಿಸಿದುದು ಮುಖ್ಯವಾಗಿ ಚಳಿಜ್ವರಕ್ಕೆ ಹೆದರಿ. ಆದರೆ ಮೂರು ಸಾವಿರ ಅಡಿ ಎತ್ತರದ ಆ ತಂಪಿನಲ್ಲಿ ಮದರಾಸಿನಿಂದ ಮೈತುಂಬ ಗುಳ್ಳೆ ಹೊತ್ತು ಬಂದವರಿಗೆ ಔಷಧವಿಲ್ಲದೆ ಗುಣವಾಗುತ್ತಿದ್ದುದರಲ್ಲಿ ಸಂದೇಹವಿಲ್ಲ.

ಇನ್ನು ತೊಗಲಿನ ಒಳಗೆ ನಡೆಯುವುದೇನು? 1833ರ ಸುಮಾರಿಗೆ ಪುರ್ಕಿನ್ಯೆ, ಬ್ರೆಷೆ ಎಂಬ ಪಂಡಿತರು ಸೂಕ್ಷ್ಮದರ್ಶಕದಲ್ಲಿ ಸ್ವೇದಗ್ರಂಥಿಯನ್ನೂ ಅದರಿಂದ ಸುರುಳಿಯಾಗಿ ಮೇಲೇರುವ ನಾಳವನ್ನೂ ಕಂಡರು. ಮನುಷ್ಯನ ಮೈಯಲ್ಲಿ ಇಂತಹವು ಇಪ್ಪತ್ತರಿಂದ ನಲವತ್ತು ಲಕ್ಷದವರೆಗೆ ಇರುವುವು. ಟಿಲ್ಬರಿ ಫಾಕ್ಸ್, ಫರ್ಕ್ವಾರ್ ಎಂಬ ವೈದ್ಯರು ಭಾರತದ ಚರ್ಮವ್ಯಾಧಿಗಳನ್ನೇ ಕುರಿತು 1876ರಲ್ಲಿ ಪುಸ್ತಕವನ್ನು ಹೊರತಂದರು. 1893ರಲ್ಲಿ ಪೊಲಿಟ್ಸರ್ ಎಂಬವನು ಬೆವರಿನಲ್ಲಿ ಸದಾ ನೆನೆದ ಹೊರತೊಗಲು ಉಬ್ಬಿ ನಾಳದ ಬಾಯನ್ನು ಮುಚ್ಚುವುದೇ ಕಾರಣವೆಂದು ತೋರಿಸಿದನು. ನಿಜವು ಇಲ್ಲಿಗೆ ಬಾಗಿಲವರೆಗೆ ಬಂದಿತ್ತು. ಆದರೆ ಅದು ಕ್ರಿಮಿಗಳ ಯುಗ. ಪ್ರತಿಯೊಂದು ಗುಳ್ಳೆಗೂ ಒಂದೊಂದು ಸೂಕ್ಷ್ಮಜೀವಿಯನ್ನು ಹುಡುಕುವ ಉತ್ಸಾಹದಲ್ಲಿ ಪೊಲಿಟ್ಸರನ ಮಾತು ಅರ್ಧ ಶತಮಾನ ಮೂಲೆಗೆ ಬಿದ್ದಿತು.

ಅದನ್ನು ಹೊರಕ್ಕೆ ತಂದುದು ಎರಡನೆಯ ಮಹಾಯುದ್ಧ. ಮರುಭೂಮಿಗಳಲ್ಲಿಯೂ ಶಾಂತಸಾಗರದ ದ್ವೀಪಗಳಲ್ಲಿಯೂ ಸೈನಿಕರು ಒಂದು ವಿಚಿತ್ರ ಸ್ಥಿತಿಗೆ ಬೀಳುತ್ತಿದ್ದರು. ಕೆಲವು ವಾರಗಳ ಹಿಂದೆ ಮೈತುಂಬ ಬೆವರುಸಾಲೆ ಎದ್ದಿದ್ದವನು ಈಗ ಗುಣವಾದಂತೆ ಕಾಣುವನು, ತುರಿಕೆಯಿಲ್ಲ, ಕೆಂಪಿಲ್ಲ. ಆದರೆ ಬಿಸಿಲಿನಲ್ಲಿ ನಾಲ್ಕು ಹೆಜ್ಜೆ ನಡೆದೊಡನೆ ತಲೆಸುತ್ತು, ಏದುಸಿರು, ಎದೆಬಡಿತ. ಮುಖದಲ್ಲಿ ಬೆವರು ಧಾರಾಕಾರವಾಗಿ ಸುರಿಯುವುದು. ಎದೆ, ಬೆನ್ನು, ತೋಳುಗಳು ಮಾತ್ರ ಕಾಗದದಂತೆ ಒಣಗಿರುವುವು. ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ತರಬೇತಿಗೆಂದು ಬಂದಿದ್ದವರಲ್ಲಿ ಕಂಡ ಇಂತಹ ಸಂಗತಿಗಳನ್ನು 1944ರಲ್ಲಿ ವರದಿಮಾಡಿದರು. ಅಮೆರಿಕದ ನೌಕಾಸೇನೆಯ ಚರ್ಮವೈದ್ಯನಾಗಿದ್ದ ಸಲ್ಜ್‌ಬರ್ಗರನು ತನ್ನ ಸಂಗಡಿಗರೊಡನೆ 1946ರಲ್ಲಿಯೂ, ಆಸ್ಟ್ರೇಲಿಯದ ಓ’ಬ್ರಿಯನ್ನನು 1947ರಲ್ಲಿಯೂ ಈ ಸ್ಥಿತಿಗೂ ಬೆವರುಸಾಲೆಗೂ ಇರುವ ನಂಟನ್ನು ಬಿಡಿಸಿಟ್ಟರು. ನಾಳವು ಮುಚ್ಚಿಹೋದ ಗ್ರಂಥಿಯು ಬೆವರನ್ನು ಹೊರಚೆಲ್ಲಲಾರದು. ಅಂತಹವು ಸಾವಿರಗಟ್ಟಲೆಯಾದಾಗ ಮೈಯು ತನ್ನನ್ನು ತಾನು ತಂಪುಮಾಡಿಕೊಳ್ಳುವ ಶಕ್ತಿಯನ್ನೇ ಕಳೆದುಕೊಳ್ಳುವುದು.

ಇನ್ನೂರು ವರ್ಷಗಳ ಸಿದ್ಧಾಂತವು ಇಲ್ಲಿ ತಲೆಕೆಳಗಾಯಿತೆಂಬುದನ್ನು ವಾಚಕರು ಮನಗಾಣಬೇಕು. ಬೆವರುಸಾಲೆಯು ಚೆನ್ನಾಗಿ ಬೆವರುತ್ತಿರುವ ಆರೋಗ್ಯವಂತನ ಗುರುತೆಂದು ಹಳಬರು ಹೇಳುತ್ತಿದ್ದರು. ಅದು ಬೆವರಲಾರದೆ ಹೋದ ತೊಗಲಿನ ಗುರುತು. ಅಡಗಿದರೆ ಅಪಾಯವೆಂಬ ಅವರ ಭಯದಲ್ಲಿ ಮಾತ್ರ ಒಂದು ಎಳೆ ನಿಜವಿದ್ದಿತೇನೋ ಎನ್ನಿಸುವುದು. ಗುಳ್ಳೆಗಳು ಅಡಗಿದ ಮೇಲೆ ಸೆಕೆಗೆ ಬಿದ್ದುಹೋದವರನ್ನು ಅವರೂ ಕಂಡಿದ್ದಿರಬಹುದು. ಕಂಡುದು ಸರಿ, ಅದಕ್ಕೆ ಕೊಟ್ಟ ಕಾರಣವು ತಪ್ಪು.

ಓ’ಬ್ರಿಯನ್ನನ ಕೆಲಸದಿಂದ ಸಾಸಿವೆ ಬರಗುಗಳ ಒಗಟೂ ಬಿಡಿಸಿತು. ನಾಳವು ತೊಗಲಿನ ತೀರ ಮೇಲ್ಪದರದಲ್ಲಿ ಮುಚ್ಚಿದರೆ ಬೆವರು ಅಲ್ಲಿಯೇ ನಿಂತು ತಿಳಿನೀರಿನ ಹನಿಯಂತಹ ಗುಳ್ಳೆಯಾಗುವುದು. ತುರಿಕೆಯಿಲ್ಲ, ಉಜ್ಜಿದರೆ ಒಡೆಯುವುದು. ಇದು ಬರಗಿನ ಕಾಳು. ಇನ್ನೂ ಕೆಳಗೆ, ಹೊರಚರ್ಮದ ನಡುವೆ, ಮುಚ್ಚಿದರೆ ಬೆವರು ಸುತ್ತಲಿನ ಭಾಗಕ್ಕೆ ಸೋರಿ ಕೆರಳಿಸುವುದು. ಕೆಂಪಾಗಿ, ಚುಚ್ಚಿ, ನಿದ್ದೆಗೆಡಿಸುವ ವಾಗ್ಭಟನ ಸಾಸಿವೆಯು ಇದೇ. ಇದು ಮೇಲಿಂದ ಮೇಲೆ ಬಂದು, ಕಡೆಗೆ ಹೊರಚರ್ಮ ಒಳಚರ್ಮಗಳು ಕೂಡುವ ಎಡೆಯಲ್ಲಿಯೇ ನಾಳವು ಒಡೆದರೆ, ತುರಿಕೆಯಿಲ್ಲದ ಗಟ್ಟಿಯಾದ ಬಿಳಿಚು ಗಂಟುಗಳು ಏಳುವುವು. ನೋಡಲು ಇದೇ ಸೌಮ್ಯ, ಫಲದಲ್ಲಿ ಇದೇ ಕ್ರೂರ. ಸೈನಿಕರನ್ನು ನೆಲಕ್ಕೆ ಕೆಡವಿದುದು ಈ ಮೂರನೆಯದು. 1950ರಲ್ಲಿ ಷೆಲ್ಲಿ, ಹಾರ್ವತ್ ಎಂಬವರು ನಾಳಗಳ ಬಾಯನ್ನು ಬೇಕೆಂದೇ ಗಾಸಿಗೊಳಿಸಿ, ಬೆವರಿಸಿ, ಮನುಷ್ಯರ ತೋಳಿನ ಮೇಲೆ ಬೆವರುಸಾಲೆಯನ್ನು ಎಬ್ಬಿಸಿ ತೋರಿಸಿದರು. ಕ್ರಿಮಿವಾದಿಗಳ ಪಕ್ಷವೂ ಪೂರ್ತಿಯಾಗಿ ಸೋಲಲಿಲ್ಲ. 1978ರಲ್ಲಿ ಹೋಲ್ಟ್ಸ್ಲೆ, ಕ್ಲಿಗ್‌ಮನ್ ಎಂಬವರು ತೊಗಲನ್ನು ಗಾಳಿಯಾಡದಂತೆ ಮುಚ್ಚಿದಾಗ ಅಲ್ಲಿಯ ಸಹಜವಾದ ಸೂಕ್ಷ್ಮಜೀವಿಗಳು ಬೆಳೆಯುವುದನ್ನೂ, ಅವುಗಳನ್ನು ತಡೆದರೆ ಗುಳ್ಳೆಗಳು ಏಳದಿರುವುದನ್ನೂ ಕಂಡರು. ಎಲ್ಲರ ಮೈಮೇಲೂ ಇರುವ ಒಂದು ಜಾತಿಯ ಸ್ಟಾಫಿಲೊಕಾಕಸ್ ಸ್ರವಿಸುವ ಅಂಟೇ ನಾಳಕ್ಕೆ ಬಿರಡೆಯಾಗುವುದೆಂದು 1995ರಲ್ಲಿ ತಿಳಿಯಿತು. ಅಲ್ಲಿಗೆ ಪೊಲಿಟ್ಸರನೂ ಅವನ ಪ್ರತಿಪಕ್ಷದವರೂ ಅರ್ಧರ್ಧ ಗೆದ್ದರು.

ಮನೆಮದ್ದುಗಳ ವಿಚಾರವಾಗಿ ಹೆಂಗಸರ ತಿಳಿವಳಿಕೆಯನ್ನು ಒಂದೆರಡು ಮಾತಿನಲ್ಲಿ ತೂಗಿ ನೋಡಬಹುದು. ತೇಯ್ದ ಗಂಧ, ಲಾವಂಚದ ನೀರು, ತಾಟಿನುಂಗಿನ ತಿಳಿ, ಮೊಸರು ಇವೆಲ್ಲ ತೊಗಲನ್ನು ತಂಪುಮಾಡಿ ತುರಿಕೆಯನ್ನು ತಗ್ಗಿಸುವುವು. ತಂಪಿನಿಂದ ಆ ಹೊತ್ತಿಗೆ ಬೆವರು ನಿಲ್ಲುವುದರಿಂದ ಇವು ಬರಿಯ ಸಮಾಧಾನವಲ್ಲ. ಹೆಸರುಹಿಟ್ಟಿನಿಂದ ತೊಳೆಯುವುದೂ ಒಳ್ಳೆಯದೇ, ಉಜ್ಜದಿದ್ದರೆ. ಎಣ್ಣೆ ತಿಕ್ಕುವುದು ಮಾತ್ರ ಹಾನಿ. ಮುಚ್ಚಿದ ಬಾಗಿಲಿಗೆ ಇನ್ನೊಂದು ಅಗುಳಿ ಹಾಕಿದಂತೆ. ಇಂದಿನ ವೈದ್ಯರು ಹಚ್ಚಿಸುವ ಕ್ಯಾಲಮೈನ್ ದ್ರವವು ಸತುವಿನ ಭಸ್ಮಕ್ಕೆ ಕೊಂಚ ಕಬ್ಬಿಣದ ಭಸ್ಮವನ್ನು ಸೇರಿಸಿದುದು, ಅದರ ನಸುಗೆಂಪು ಬಣ್ಣವು ಕಬ್ಬಿಣದ್ದು. 1947ರಲ್ಲಿ ಥಾಯ್ಲೆಂಡಿನಲ್ಲಿ ಹಾವಿನ ಗುರುತಿನ ತಂಪು ಪುಡಿಯೊಂದು ಅಂಗಡಿಗೆ ಬಂದಿತು. ನಮ್ಮಲ್ಲಿ ನೈಸಿಲ್ ಮೊದಲಾದ ಡಬ್ಬಿಗಳು ಬೇಸಗೆಯ ಒಂದು ವಸ್ತುವೇ ಆದುವು. ಒಣಗಿದ ಮೈಗೆ ತೆಳುವಾಗಿ ಉದುರಿಸಿದರೆ ಪುಡಿಯಿಂದ ಸುಖವುಂಟು. ಬೆವರಿದ ಮೈಗೆ ಗಟ್ಟಿಯಾಗಿ ಮೆತ್ತಿದರೆ ಅದು ಕೆಸರಾಗಿ ಕೂರುವುದು. ಕೂಸಿನ ಮುಖದ ಬಳಿ ಇದನ್ನು ಕೊಡವುವುದಂತೂ ಕೂಡದು, ಉಸಿರಿನಲ್ಲಿ ಸೇರುವುದು. ಜಾನ್ಸನ್ನನು ವ್ಯರ್ಥವೆಂದು ಬಿಟ್ಟ ನಿಂಬೆಯ ರಸಕ್ಕೂ ಒಂದು ಬಗೆಯ 'ಪುನರ್ಜನ್ಮ' ಬಂದಿತೆನ್ನಬಹುದು. ನಿಂಬೆಯಲ್ಲಿರುವ ಸಿ ಜೀವಸತ್ವವನ್ನು ಹೊಟ್ಟೆಗೆ ಕೊಟ್ಟರೆ ಬೆವರುಸಾಲೆಯು ತಗ್ಗುವುದೆಂದು ಹಿಂಡ್ಸನ್ ಎಂಬ ವೈದ್ಯನು 1968ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದನು. ಅದು ರೂಢಿಯ ಚಿಕಿತ್ಸೆಯಾಗಿ ನಿಲ್ಲಲಿಲ್ಲ.

ಎಲ್ಲಕ್ಕಿಂತ ಮೇಲಾದ ಮದ್ದು ಹಳೆಯದೇ, ಅಗ್ಗವಾದುದೇ: ಬೆವರದಂತೆ ಕೆಲವು ದಿನ ತಂಪಿನಲ್ಲಿರುವುದು. ಅದು ಯಾರಿಗೆ ದೊರೆಯುವುದೆಂಬುದೇ ಪ್ರಶ್ನೆ. ಮುಚ್ಚಿದ ನಾಳವು ಮತ್ತೆ ತೆರೆಯಬೇಕಾದರೆ ಹೊರತೊಗಲು ಸವೆದು ಹೊಸತು ಬರಬೇಕು. ಅದಕ್ಕೆ ಎರಡು ಮೂರು ವಾರಗಳು ಬೇಕು. ಗಾಳಿಯನ್ನು ತಂಪುಮಾಡುವ ಯಂತ್ರವುಳ್ಳ ಮನೆಯವರು ರಾತ್ರಿ ಎಂಟು ಗಂಟೆಗಳಾದರೂ ತೊಗಲಿಗೆ ಬಿಡುವು ಕೊಡುವರು. ಇಟ್ಟಿಗೆಗೂಡಿನ ಮುಂದೆ ನಿಲ್ಲುವವನಿಗೂ, ತಗಡಿನ ಮಾಡಿನ ಕೆಳಗೆ ಮಲಗುವವನಿಗೂ, ಆರದ ನೂಲಿನ ಸಮವಸ್ತ್ರವನ್ನು ಕುತ್ತಿಗೆಯವರೆಗೆ ಗುಂಡಿ ಹಾಕಿ ಬಾಗಿಲು ಕಾಯುವವನಿಗೂ ಆ ಬಿಡುವಿಲ್ಲ. ಅವನು ವೈದ್ಯನ ಬಳಿಗೆ ಹೋಗುವುದೂ ಇಲ್ಲ, ತುರಿಕೆಗೆ ಯಾರು ರಜೆ ಕೊಡುವರು? ತುರಿಕೆಯು ತಾನಾಗಿಯೇ ನಿಂತು, ಬೆನ್ನಿನ ಮೇಲೆ ಬಿಳಿಚಾದ ಗಂಟುಗಳು ಎದ್ದು, ಅಂಗಿಯು ಒಣಗಿಯೇ ಉಳಿಯತೊಡಗಿದಾಗ ಅವನು ತನಗೆ ವಾಸಿಯಾಯಿತೆಂದು ತಿಳಿದು ಮರುದಿನವೂ ಕೆಲಸಕ್ಕೆ ಹೊರಡುವನು.